ಹಗುರದ ಬೇಸ್ ಗಿಟಾರ್

ಅಕ್ಕಾ,

ಯಾವ ಮುಖ ಇಟ್ಟುಕೊಂಡು ಇದನ್ನು ಅಂಚೆಗೆ ಹಾಕಲಿ? ಹಾಕುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ನೀನು ನಮ್ಮ ಬ್ಯಾಂಡ್ ಬಿಟ್ಟು ಹೋದಮೇಲೆ ನಿನ್ನ ಬೇಸ್ ಗಿಟಾರ್ ನಾನೇ ನುಡಿಸುತ್ತಿದ್ದೆ. ನಿನ್ನೆ ಅದರ ಕತ್ತು ಬಿರುಕು ಬಿಟ್ಟಿತು. ಇವತ್ತು ಸಂಜೆ ಆರಕ್ಕೆ ಕಾರ್ಯಕ್ರಮ, ಮಧ್ಯಾಹ್ನ ಮೂರಾದರೂ ನಾನಿನ್ನೂ ಅಂಗಡಿಯಲ್ಲೇ. ಎದುರಿಗೆ ಎರಡು ಬೇಸ್. ಒಂದು ನಿನ್ನದರಂತೆಯೇ ಭಾರ, ತಂತಿ ಮೀಟಿದರೆ ಕಾಲಕೆಳಗಿನ ನೆಲವೂ ಅದುರುವಂಥ ನಾದ. ಇನ್ನೊಂದು ಹಗುರ. ಕೂತು ಭಾರದ್ದನ್ನು ನುಡಿಸಿ, "ಇದನ್ನೇ ಕೊಡಿ" ಅಂದೆ.

"ಕೂತ್ಕೊಂಡ್ರೆ ಎಲ್ಲಾನೂ ಹಗುರಾನೇ. ಅರ್ಧ ಗಂಟೆ ನಿಂತ್ಕೊಂಡು ನುಡಿಸಿ, ಆಮೇಲೆ ಹೇಳಿ," ಅಂದರು ಅಂಗಡಿಯವರು.

ಇಪ್ಪತ್ತು ನಿಮಿಷಕ್ಕೆ ಎಡಭುಜ ಉರಿಯತೊಡಗಿತು. ಹಲ್ಲು ಕಚ್ಚಿ ನಿಂತೆ. ಕಿರುಬೆರಳು ಜೋಮು ಹಿಡಿಯಿತು. ನೀನು ಇದನ್ನೇ ಹೇಳಿದಾಗ ಎಲ್ಲರೆದುರು "ನೆಪ ಹೇಳ್ಬೇಡ" ಅಂದಿದ್ದೆನಲ್ಲ. ಬ್ಯಾಂಡಿನವರ ಕರೆಗೆ ಜೇಬಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹಗುರದ್ದನ್ನು ಕೈಗೆತ್ತಿಕೊಂಡೆ.

"ಎರಡು ವರ್ಷದ ಹಿಂದೆ ಒಬ್ರು ಮೇಡಂ ಇಂಥದ್ದನ್ನೇ ಹಾಕ್ಕೊಂಡು ಒಂದು ಗಂಟೆ ನುಡಿಸಿದ್ರು," ಅಂದರು ಅವರು. "ತುಂಬಾ ಇಷ್ಟ ಆಗಿತ್ತು. ಆದ್ರೆ ನನ್ ತಮ್ಮ ಒಪ್ಪಲ್ಲ, ನಾದ ತೆಳು ಅಂತಾನೆ ಅಂತ ಹೇಳಿ ವಾಪಸ್ ಇಟ್ಟು ಹೋದ್ರು."

ಆ ತಮ್ಮ ನಾನೇ. ದುಡ್ಡು ಎಣಿಸಿ ಕೊಟ್ಟೆ.

ಹಗುರದ್ದನ್ನೇ ತಂದೆ. ಕಾರ್ಯಕ್ರಮ ಈಗಷ್ಟೇ ಮುಗಿಯಿತು. ಕೊನೆಯ ಸಾಲಿನವರಿಗೂ ಚೆನ್ನಾಗಿ ಕೇಳಿಸಿತಂತೆ.

ನಾದ ತೆಳುವೇನೂ ಇಲ್ಲ, ಅಕ್ಕಾ.