ಗುಳ್ಳೆಗೆ ಹೆದರಿ ಓಡಿದವರಿಗೆ

ಕಾಟ್ಟಿಕುಳಂ,
೧೪ ನವೆಂಬರ್ ೨೦೧೯, ಗುರುವಾರ

ಶ್ಯಾಮಳಳ ಅಪ್ಪನಿಗೆ,

ಅಮ್ಮಾಳು ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವುದು ಕಾಗದದ ಮರ್ಯಾದೆ, ಅದಕ್ಕೇ ಕೇಳುತ್ತಿದ್ದೇನೆ. ಎದೆನೋವು ಹೇಗಿದೆ? ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆಯೇ? ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳುವುದಿಲ್ಲ. ಅವು ನನ್ನ ಚೀಲದಲ್ಲೇ ಉಳಿದಿದ್ದವು, ಈ ಕಾಗದದ ಜೊತೆ ಕಳಿಸಿದ್ದೇನೆ.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲಾಗದು. ಮಲಯಾಳಂ ಶಾಲೆಯಲ್ಲಿ ಓದಿದ ನಿಮಗೆ ಕನ್ನಡದ ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತದೆಂದು ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ತಂಗಿ ಗುರುಬಸಮ್ಮನ ಕೈಯಲ್ಲಿ ಓದಿಸಿ. ಗಟ್ಟಿಯಾಗಿ ಓದಲಿ. ಸರಗೂರಿನ ಅವಳ ಮನೆಯವರು, ಅಕ್ಕಪಕ್ಕದವರು ಎಲ್ಲ ಕೇಳಲಿ, ಗಡಿ ದಾಟಿ ಬಂದು ಕೂತಿರುವ ಭಾವ ಎಂಥ ಧೀರರೆಂದು.

ಹೋದ ವರ್ಷ ಎದೆ ಸೀಳಿ, ಕಾಲಿನ ನರ ತೆಗೆದು, ಹೃದಯಕ್ಕೆ ಹೊಸ ದಾರಿ ಹೊಲಿದರು. ಅಷ್ಟು ದೊಡ್ಡ ಬೈಪಾಸಿಗೆ ನೀವು ತುಟಿಪಿಟಕ್ಕೆನ್ನಲಿಲ್ಲ. ಈಗ ಓಣಂ ಕಳೆದ ಮೇಲೆ ಮತ್ತೆ ಎದೆ ಹಿಡಿಯತೊಡಗಿದಾಗ ಡಾಕ್ಟರು ಕೇಳಿದ್ದೇನು? ಹೊಸ ದಾರಿಯ ರಕ್ತ ಹೃದಯದ ಮಾಂಸಕ್ಕೆ ಸೇರುತ್ತಿದೆಯೋ ಇಲ್ಲವೋ ನೋಡುತ್ತೇವೆ ಎಂದರು, ಅಷ್ಟೇ. ಕುಯ್ಯುವುದಿಲ್ಲ, ಹೊಲಿಯುವುದಿಲ್ಲ. ಶ್ಯಾಮಳ ಬಸುರಿಯಾಗಿದ್ದಾಗ ಹೊಟ್ಟೆಗೆ ಲೋಳೆ ಸವರಿ ಮಗುವನ್ನು ನೋಡಿದರಲ್ಲ, ಅದೇ ಬಗೆಯ ಸ್ಕ್ಯಾನು. ಅದರ ಜೊತೆಗೆ ಕೈಯ ನರಕ್ಕೆ ಸಣ್ಣ ಸಣ್ಣ ಗುಳ್ಳೆಗಳಿರುವ ಮದ್ದು ಬಿಡುತ್ತಾರೆ. ರಕ್ತ ಹೋದಲ್ಲೆಲ್ಲ ಗುಳ್ಳೆಯೂ ಹೋಗಿ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಹೊಳೆಯದ ಜಾಗಕ್ಕೆ ರಕ್ತ ಸಾಲುತ್ತಿಲ್ಲ ಎಂದರ್ಥ.

ಗುಳ್ಳೆ ಎಂದದ್ದೇ ತಡ, ಎದೆಗೆ ಸ್ಕ್ಯಾನಿನ ಬಿಲ್ಲೆ ಅಂಟಿಸಿಕೊಂಡು ಮಲಗಿದ್ದವರು ಮಂಚದ ಮೇಲೆ ಎದ್ದು ಕೂತಿರಿ. ಊರಿನ ದನಕ್ಕೆಲ್ಲ ಸೂಜಿ ಹಾಕುವ ಕೈ ನಿಮ್ಮದು. ಸಿರಿಂಜನ್ನು ಮೇಲಕ್ಕೆ ಹಿಡಿದು, ಬೆರಳಲ್ಲಿ ತಟ್ಟಿ, ಗಾಳಿಯೆಲ್ಲ ಹೊರಗೆ ಹೋಗುವವರೆಗೂ ಹಸುವಿನ ಹತ್ತಿರ ಸುಳಿಯುವವರಲ್ಲ ನೀವು. "ಒಂದು ಗುಳ್ಳೆ ಒಳಗೆ ಹೋದ್ರೂ ದನ ಉಳಿಯಾಕಿಲ್ಲ ಡಾಕ್ಟ್ರೇ. ದನಕ್ಕೇ ಹಾಕ್ದಿರೋದನ್ನ ನಂಗೆ ಹಾಕ್ತೀರಾ? ಬ್ಯಾಡ, ವೇಂಡ, ವೇಂಡ!" ಎಂದಿರಿ. ಆ ಮನುಷ್ಯ ಪಾಪ, ಮಲಯಾಳಂನಲ್ಲಿ ಎಷ್ಟು ತಾಳ್ಮೆಯಿಂದ ಹೇಳಿದರು. ಇದು ಸಿರಿಂಜಿನಲ್ಲಿ ಸಿಕ್ಕಿಕೊಂಡ ಗಾಳಿಯಲ್ಲ, ರಕ್ತದ ಕಣಕ್ಕಿಂತ ಸಣ್ಣದು, ಸ್ವಲ್ಪ ಹೊತ್ತಿಗೆ ಕರಗಿ ಉಸಿರಲ್ಲಿ ಹೊರಗೆ ಹೋಗುತ್ತದೆ, ನಾವು ಪಕ್ಕದಲ್ಲೇ ನಿಂತಿರುತ್ತೇವೆ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನೀವು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಮೂತ್ರಕ್ಕೆ ಹೋಗಿ ಬರ್ತೀನಿ ಎಂದಿರಿ. ಮೂತ್ರಕ್ಕೆ ಹೋಗಲು ಯಾರಾದರೂ ಮೈಸೂರು ಬಸ್ಸು ಹತ್ತುತ್ತಾರೆಯೇ? ಸ್ಕ್ಯಾನ್ ಕೋಣೆಯ ಬಾಗಿಲ ಹೊರಗೆ ನಿಮ್ಮ ಚಪ್ಪಲಿ ಇತ್ತು. ಚಪ್ಪಲಿ ಇಲ್ಲೇ ಇದೆ, ಮನುಷ್ಯ ಎಲ್ಲಿ ಹೋದಾರು ಎಂದು ಅದನ್ನೇ ನೋಡುತ್ತ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಎಲ್ಲಾದರೂ ಬಿದ್ದಿದ್ದೀರೇನೋ ಎಂದು ಗಂಡಸರ ಕಕ್ಕಸಿನ ಬಾಗಿಲು ಬಡಿಯುತ್ತ ಹೋದೆ. ಈ ವಯಸ್ಸಿನಲ್ಲಿ ನನಗೆ ಆ ಕೆಲಸ ಕೊಟ್ಟಿರಿ. ಸಂಜೆ ಗುರುಬಸಮ್ಮ ಫೋನು ಮಾಡಿ, "ಅತ್ತಿಗೇ, ಅಣ್ಣ ಬರಿಗಾಲಲ್ಲಿ ಬಂದವ್ನೆ, ಎದೇಲಿ ಅದೇನೋ ಬಿಲ್ಲೆ ಅಂಟ್ಕೊಂಡದೆ" ಎಂದಾಗ ನನಗೆ ಮೊದಲು ಜೀವ ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಬೇಗೂರು ಕಾಡಿನಿಂದ ಆನೆ ಗದ್ದೆಗೆ ಇಳಿದಾಗ ತಗಡು ಬಡಿಯುತ್ತ ಎದುರಿಗೆ ನಿಂತವರು, ಕಣ್ಣಿಗೆ ಕಾಣದ ಗುಳ್ಳೆಗೆ ಹೆದರಿ ಹೆಂಡತಿಯನ್ನು ಘಟ್ಟದ ಚುರ ಇಳಿದು ಹೋದ ಆಸ್ಪತ್ರೆಯಲ್ಲಿ ಒಂಟಿಯಾಗಿ ಬಿಟ್ಟು ಓಡಿದಿರಿ. ಥೂ!

ಮನೆಯ ಸುದ್ದಿ ಹೇಳಲು ಹೆಚ್ಚೇನಿಲ್ಲ. ಬಾವಿಯ ಹತ್ತಿರದ ಎರಡು ಕರಿಮೆಣಸಿನ ಬಳ್ಳಿ ಎಲೆ ಉದುರಿಸಿಕೊಂಡು ಒಣಗಿದ ಹಾಗೆ ನಿಂತಿವೆ. ಕಿತ್ತು ಬೇರೆ ನೆಡೋಣ ಎಂದೆ. ತೋಟದ ಕೆಲಸದ ಬೊಮ್ಮನ್ ಕೈಯೇ ಹಾಕಲಿಲ್ಲ. "ಮುದಲಾಳಿ ಬರ್ಲಿ ಅಮ್ಮ. ಉಗುರಲ್ಲಿ ಕೆರೆದು ನೋಡ್ದೆ ಬಳ್ಳಿ ಕೀಳಬ್ಯಾಡ ಅಂತ ಅವ್ರೇ ಅಲ್ವಾ ಹೇಳೋದು" ಎಂದ. ನಿಜ, ನೀವೇ ಹೇಳುವುದು. ಸಿಪ್ಪೆಯ ಕೆಳಗೆ ಹಸಿರಿದ್ದರೆ ಬುಡಕ್ಕೆ ಮಣ್ಣು ಕೊಟ್ಟು ಕಾಯುತ್ತೀರಿ. ಬಳ್ಳಿಗೆ ತೋರುವ ವಿವೇಕ ಬೇರೆ ಕಡೆ ಎಲ್ಲಿ ಹೋಗುತ್ತದೋ ತಿಳಿಯದು.

ಶ್ಯಾಮಳ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಮೊಮ್ಮಗು ನಿಮ್ಮ ಕುರ್ಚಿ ಹಿಡಿದು ನಿಂತು ಅಜ್ಜನನ್ನು ಕೇಳುತ್ತದೆ. ಇನ್ನು ನಿಮ್ಮ ಇಷ್ಟ. ಗುರುಬಸಮ್ಮನ ಮನೆಯ ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿಮಗೆ ಚಪ್ಪಲಿ ಕಳಿಸಿದ್ದೇನೆ.

ಇಂತಿ,
ಆ ಚಪ್ಪಲಿ ಕಾಯುತ್ತ ಕೂತಿದ್ದವಳು,
ಅಮ್ಮಾಳು

ವಿ.ಸೂ.: ಗುರುಬಸಮ್ಮಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಅಣ್ಣನ ಪಕ್ಕ ಕೂತು ಮೆಲ್ಲಗೆ ಓದು. ಬಾಳೆಗೊನೆ ಹೇರಿಕೊಂಡು ನಿಮ್ಮೂರಿಗೆ ಹೊರಟಿರುವ ದಿವಾಕರನ್ ಹೊರಗೆ ಜೀಪಿನ ಹಾರನ್ನು ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ರೀ, ನೀವು ಓಡಿಹೋದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಗುಳ್ಳೆಯ ಮದ್ದು ಬಿಡುವ ಮೊದಲೇ ತೆಗೆದಿದ್ದ ಚಿತ್ರದಲ್ಲಿ ನಿಮ್ಮ ಹೃದಯದ ಕೆಳಗಿನ ಗೋಡೆ ಒಂದು ಕಡೆ ಅಲುಗುತ್ತಿಲ್ಲವಂತೆ. ಅದು ಸತ್ತಿರಬಹುದು, ಇಲ್ಲವೇ ರಕ್ತ ಸಾಲದೆ ಸುಮ್ಮನೆ ಮಲಗಿರಬಹುದು. ಮಲಗಿದ್ದರೆ ಎಬ್ಬಿಸಲು ದಾರಿಯಿದೆ ಎಂದರು. ಯಾವುದೆಂದು ತಿಳಿಯಲು ಆ ಗುಳ್ಳೆಯೇ ಹೋಗಿ ನೋಡಬೇಕು. ನನಗೆ ಹೆದರಿಕೆಯಾಗಿದೆ, ಅದಕ್ಕೇ ಇಷ್ಟೆಲ್ಲ ಬೈದದ್ದು. ಜೀಪು ನಾಳೆ ವಾಪಸು ಬರುತ್ತದೆ, ಮುಂದಿನ ಸೀಟು ನಿಮಗೆಂದು ಹೇಳಿದ್ದೇನೆ. ಸಂಜೆ ಬಾವಲಿಯ ಕಾಡುದಾರಿಯ ಗೇಟು ಮುಚ್ಚುವ ಮೊದಲು ಬಂದುಬಿಡಿ. ಆ ಎರಡು ಬಳ್ಳಿಗಳನ್ನು ಹಾಗೇ ಬಿಟ್ಟಿದ್ದೇನೆ. ಕೆರೆದು ನೋಡದೆ ನಾನು ಯಾವುದನ್ನೂ ಸತ್ತಿತೆಂದು ಒಪ್ಪುವವಳಲ್ಲ.