ಚಿಲಕದ ಉಪಮೆ

ಜುಲೈ ೨, ಸಂಜೆ

ಎಂಟನೇ ತರಗತಿಯ ನಲವತ್ತೊಂದು ನೋಟ್‌ಬುಕ್ ತಿದ್ದಿ ಮುಗಿಸಿದೆ. 'ಅಮ್ಮನ ಬಗ್ಗೆ ಒಂದು ಉಪಮೆ.' ಮೂವತ್ತೆಂಟು ಅಮ್ಮಂದಿರು ಭೂಮಿ, ಇಬ್ಬರು ಚಂದ್ರ. ಕಿಟಕಿ ಪಕ್ಕದ ಹುಡುಗಿ ಮಾತ್ರ — 'ನಮ್ಮಮ್ಮ ಬಾಗಿಲ ಚಿಲಕದ ಹಾಗೆ. ಎಲ್ಲರೂ ಒಳಗೆ ಬಂದ ಮೇಲೇ ಮಲಗುವುದು.' ಹೆತ್ತವಳನ್ನು ಕಬ್ಬಿಣದ ತುಂಡಿಗೆ ಹೋಲಿಸುವುದೇ! ಕೆಂಪು ಶಾಯಿಯಲ್ಲಿ ಬರೆದೆ: 'ಹೋಲಿಕೆ ಸರಿಯಿಲ್ಲ. ಹತ್ತಕ್ಕೆ ಮೂರು.'

ಜುಲೈ ೯

ನಾಡಿದ್ದು ಹೆಡ್‌ಮೇಡಂ ನಿವೃತ್ತಿ. ಭಾಷಣ ನನ್ನ ಕುತ್ತಿಗೆಗೆ. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ — ಆಲದ ಮರ, ದಾರಿದೀಪ, ಮೇಣದಬತ್ತಿ.

"ರೀ, ಹೋದ್ಸಲ ಡ್ರಾಯಿಂಗ್ ಮೇಷ್ಟ್ರಿಗೂ ಇದೇ ಮರ ನೆಟ್ಟಿದ್ರಲ್ವಾ?"

ಮೈಯೆಲ್ಲ ಉರಿಯಿತು. ಆದರೆ ಹೊಸದೊಂದು ತೋಚಬೇಕಲ್ಲ... ಇಪ್ಪತ್ತಾರು ವರ್ಷ ಅಲಂಕಾರ ಪಾಠ ಮಾಡಿದವನಿಗೆ!

ಜುಲೈ ೧೧

ಹೇಳಿಬಿಟ್ಟೆ. 'ನಮ್ಮ ಹೆಡ್‌ಮೇಡಂ ಈ ಶಾಲೆಯ ಚಿಲಕ. ಕೊನೆಯ ಮಗು ಗೇಟು ದಾಟುವವರೆಗೆ ಮನೆಗೆ ಹೋದವರಲ್ಲ.' ಹುಡುಗಿಯ ವಾಕ್ಯದಿಂದ 'ಹಾಗೆ' ತೆಗೆದು ರೂಪಕ ಮಾಡಿದ್ದು — ಅಷ್ಟೇ ನನ್ನ ಸ್ವಂತದ್ದು. ಚಪ್ಪಾಳೆಯೋ ಚಪ್ಪಾಳೆ. ಮೇಡಂ ಕಣ್ಣೊರೆಸಿಕೊಂಡರು. ಕೈ ಕುಲುಕಿದವರಿಗೆಲ್ಲ "ಏನೋ ತೋಚ್ತು" ಅಂದೆ.

ಹಾಲ್ ಬಾಗಿಲಲ್ಲಿ ಅವಳೇ ನಿಂತಿದ್ದಳು. "ಸರ್, ನಿಮ್ಗೂ ಚಿಲಕಾನೇ ತೋಚ್ತಾ? ಹಾಗಾದ್ರೆ ನಂದು ತಪ್ಪಲ್ಲ ಅಲ್ವಾ?" ಮುಖದ ತುಂಬ ಖುಷಿ.

"ತಪ್ಪಲ್ಲಮ್ಮ," ಅಂದು ನಡೆದುಬಿಟ್ಟೆ. ಥೂ.

ಜುಲೈ ೨೩, ಸಂಜೆ

ಹನ್ನೆರಡು ದಿನ ಏನೂ ಬರೆದಿಲ್ಲ. ಕಿಟಕಿಯ ಕಡೆ ತಿರುಗಿ ಪಾಠವನ್ನೂ ಮಾಡಿಲ್ಲ.

ಇವತ್ತು ಸ್ಟಾಫ್ ರೂಮಿನಲ್ಲಿ ಪ್ರಬಂಧ ಸ್ಪರ್ಧೆಯ ತೀರ್ಪು. ಆ ಹುಡುಗಿಯದೇ ಎಲ್ಲಕ್ಕಿಂತ ಮೇಲು. ನಾನು 'ತಪ್ಪಲ್ಲ' ಅಂದಿದ್ದೆನಲ್ಲ, ಧೈರ್ಯವಾಗಿ ಚಿಲಕದಿಂದಲೇ ಶುರು ಮಾಡಿದ್ದಳು. ವಿಜ್ಞಾನದ ಮೇಡಂ ಹಾಳೆ ಎತ್ತಿ ಹಿಡಿದರು. "ಇದು ಸರ್ ಭಾಷಣದ್ದಲ್ವಾ! ಕಳ್ಳಿ ನೋಡಿ, ಎಷ್ಟು ಸಲೀಸಾಗಿ ಹೊಡ್ಕೊಂಡಿದ್ದಾಳೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ಟೀ ಕುಡಿಯುತ್ತ ಕೂತಿದ್ದೆ.

ಅವಳನ್ನು ಕರೆಸಿದರು. "ನಿಜ ಹೇಳು, ಯಾರದ್ದಿದು?"

ಅವಳು ನನ್ನನ್ನು ನೋಡಿದಳು. ನಾನು ಲೋಟ ನೋಡಿದೆ.

"ಸರ್‌ದು," ಅಂದಳು. "ತಪ್ಪಾಯ್ತು ಮೇಡಂ."

ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಾಯಿ ಬಿಡಬೇಕಾದವನು ನಾನು. ಹದಿಮೂರು ವರ್ಷದ ಮಗು ನನ್ನ ಮಾನ ಉಳಿಸಿತು, ನಾಚಿಕೆಗೆಟ್ಟವನು ನಾನು ಉಳಿಸಿಕೊಂಡೆ.

ಜುಲೈ ೨೪, ಬೆಳಿಗ್ಗೆ ಏಳು

ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ನಂಗ್ಯಾಕ್ರೀ ಹೇಳ್ತೀರಾ, ಹೋಗಿ ಶಾಲೇಲಿ ಹೇಳಿ," ಅಂದಳು ಅಷ್ಟೆ.

ಇವತ್ತು ಪ್ರಾರ್ಥನೆ ಮುಗಿದ ಮೇಲೆ, ಎಲ್ಲರ ಮುಂದೆ. ನಾಲಿಗೆ ತೊದಲಬಾರದೆಂದು ಬರೆದುಕೊಳ್ಳುತ್ತಿದ್ದೇನೆ.

'ಮಕ್ಕಳೇ, ಆ ಮಾತನ್ನು ನಾನು ಎರವಲು ಪಡೆದಿದ್ದೆ —' ಸುಳ್ಳು. ಹೊಡೆದು ಹಾಕಿದೆ.

'ಮಕ್ಕಳೇ, ಬೇರೆಯವರ ತೋಟದ ಹೂವೊಂದು ನನ್ನ ಕೈಗೆ —' ಛೀ, ಇಲ್ಲೂ ಅಲಂಕಾರ! ಹೊಡೆದೆ. ನೇರವಾಗಿ ಒಂದೇ ಒಂದು ಮಾತು ಸಾಕು.

'ಮಕ್ಕಳೇ, ನಾನು —'