ಸಿಮಲ್‌ಕೋಟ್‌ಗೆ ಎರಡೇ ಗಂಟೆಯಂತೆ!

ವಿಮಾನ ನಿಲ್ದಾಣಗಳ ಅಂತರ ನಿಗದಿ ಮಾಡುವ ಮಾನ್ಯ ಅಧಿಕಾರಿಗಳೇ,

ಧುಲಿಚೌರ್ ಮತ್ತು ಸಿಮಲ್‌ಕೋಟ್ ವಿಮಾನ ನಿಲ್ದಾಣಗಳ ನಡುವೆ ನೆಲದ ಮೇಲೆ ಎರಡೇ ಗಂಟೆಯ ದಾರಿಯೆಂದೂ, ಇಷ್ಟು ಹತ್ತಿರಕ್ಕೆ ವಿಮಾನ ಅನಗತ್ಯವೆಂದೂ, ಬರುವ ಮಂಗ್ಸಿರ್ ತಿಂಗಳಿಂದ ನಮ್ಮ ಮಂಗಳವಾರದ ವಿಮಾನ ನಿಲ್ಲುವುದೆಂದೂ ತಾವು ಪ್ರಕಟಿಸಿದ್ದೀರಿ. ಓದಿದವಳೇ ಅಂಗಡಿಯಿಂದ ಹೊರಗೆ ಬಂದು ನಡುವೆ ನಿಂತ ಗುಡ್ಡ ನೋಡಿದೆ. ಅದು ಇದ್ದಲ್ಲೇ ಇದೆ. ಕೆಳಗಿನ ನದಿಗೆ ಸೇತುವೆಯೂ ಬಂದಿಲ್ಲ. ಹಾಗಾದರೆ ದಾರಿಯನ್ನು ಯಾರು ಕತ್ತರಿಸಿ ಗಿಡ್ಡ ಮಾಡಿದರು?

ವಿಮಾನದಲ್ಲಿ ಹನ್ನೊಂದು ನಿಮಿಷ. ನಡೆದರೆ ಮೂರು ದಿನ. ಹೋದ ವರ್ಷ ಮೋಡ ಮುಚ್ಚಿ ವಿಮಾನ ಬರದೆ, ನೆರೆಮನೆಯ ಧನ್ಸರಾಳನ್ನು ಹೆರಿಗೆ ನೋವಿನಲ್ಲೇ ಬೆನ್ನುಬುಟ್ಟಿಯಲ್ಲಿ ಕೂರಿಸಿ ಆರು ಜನ ಸರದಿಯ ಮೇಲೆ ಸಿಮಲ್‌ಕೋಟ್ ಆಸ್ಪತ್ರೆಗೆಂದು ಹೊತ್ತರು. ಎರಡನೆಯ ದಿನ ಬುಟ್ಟಿಯಿಂದ ದನಿ ನಿಂತಿತು. ಅವರು ಹಿಂದಿರುಗಿದ್ದು ಹೆಣದೊಂದಿಗೆ. ತಮ್ಮ ಎರಡು ಗಂಟೆಯಲ್ಲಿ ಇದು ಎಲ್ಲಿ ಹಿಡಿಸುತ್ತದೆ?

ಈ ಲೆಕ್ಕ ಎಲ್ಲಿಂದ ಬಂತೆಂದು ಕೇಳಿ ಕಡತದ ನಕಲು ತರಿಸಿದೆ. ‘ಎರಡು ಗಂಟೆ’ಯ ಎದುರಿಗೆ ಬರೆದಿತ್ತು: ‘ಆಧಾರ: ಸ್ಥಳೀಯರ ಹೇಳಿಕೆ’. ಕೆಳಗಿನ ತಾರೀಕು ನೋಡಿದಾಗ ಆ ದಿನ ನೆನಪಾಯಿತು. ಸ್ವಾಮಿ, ಆ ಸ್ಥಳೀಯಳು ನಾನೇ.

ಅಂದು ಮಂಜು ಕವಿದು ತಮ್ಮ ಕಚೇರಿಯವರೊಬ್ಬರು ಹತ್ತಬೇಕಿದ್ದ ಸಿಮಲ್‌ಕೋಟ್ ವಿಮಾನ ತಡವಾಗಿತ್ತು. ವಿಮಾನದ ಓಡುದಾರಿಯಿಂದ ನನ್ನ ಚಹಾದಂಗಡಿಗೆ ಹತ್ತುವಷ್ಟರಲ್ಲೇ ಏದುಸಿರು ಬಿಡುತ್ತಿದ್ದರು.

“ದೀದಿ, ಸಿಮಲ್‌ಕೋಟ್ ಎಷ್ಟು ದೂರ?”

ಪಾಪ, ನಡೆದೇ ಹೊರಟಿದ್ದಾರೆ ಅಂದುಕೊಂಡೆ. “ಅಯ್ಯೋ, ಇಲ್ಲೇ ಸರ್! ಆ ಗುಡ್ಡ ದಾಟಿದ್ರೆ ಬಂದೇಬಿಡ್ತು. ಚಾ ಕುಡ್ದು ಹೊರಟ್ರೆ ಎರಡು ಗಂಟೆ, ಅಷ್ಟೇ.”

“ಗ್ಯಾರಂಟಿನಾ?”

“ನನ್ನಾಣೆ ಸರ್, ಕೂತ್ಕೊಳಿ.”

ದಣಿದವನಿಗೆ ದಾರಿ ಉದ್ದವಿದೆ ಎಂದು ನಮ್ಮ ಬೆಟ್ಟದಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅವನ ಕಾಲು ಅಲ್ಲೇ ಸೋಲುತ್ತದೆ. ಮುಂದಿನ ಅಂಗಡಿಯವಳೂ “ಇಲ್ಲೇ” ಎನ್ನುತ್ತಾಳೆ, ಹೀಗೇ ಹೇಳಿಸಿಕೊಳ್ಳುತ್ತಾ ಅವನು ಊರು ಸೇರುತ್ತಾನೆ. ಮಂಜು ಸರಿಯಿತು, ತಮ್ಮವರು ನಗುತ್ತಾ ಏನೋ ಬರೆದುಕೊಂಡು ವಿಮಾನ ಹತ್ತಿದರು.

ಈಗ ನನ್ನ ಸಂಶಯ ಕೇಳಿ. ಎರಡೇ ಗಂಟೆಯ ದಾರಿಯಾಗಿದ್ದರೆ ಅವರು ಮಂಜು ಸರಿಯಲೆಂದು ಮೂರು ತಾಸು ಕಾದದ್ದೇಕೆ? ಮೇಲಿನಿಂದ ಆ ಕಣಿವೆಗಳನ್ನು ನೋಡಲಿಲ್ಲವೇ? ಅಂಕಿ ಮೊದಲೇ ಜೇಬಿನಲ್ಲಿತ್ತು, ಅದನ್ನು ಹೇಳಿಸಲು ಒಂದು ಬಾಯಿ ಬೇಕಿತ್ತು ಎಂದು ನನಗೆ ಅನ್ನಿಸುತ್ತಿದೆ. ದಣಿದವರಿಗೆ ನಾವು ತೋರುವ ಮರ್ಯಾದೆ ತಮಗೆ ಪುರಾವೆಯಾಗಿ ಒದಗಿತು.

ನನ್ನ ಮಗಳು ಅಂಜಿತಾ ಈಗ ಏಳು ತಿಂಗಳ ಬಸುರಿ. ಮೊದಲ ಮಗುವನ್ನು ಸಿಮಲ್‌ಕೋಟ್ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಇದನ್ನೂ ಹಾಗೆಯೇ ತೆಗೆಯಬೇಕಂತೆ. ದಿನ ತುಂಬುವುದು ವಿಮಾನ ನಿಲ್ಲುವ ಆ ಮಂಗ್ಸಿರ್‌ನಲ್ಲೇ. ಧನ್ಸರಾಳನ್ನು ಹೊತ್ತ ಬುಟ್ಟಿಯನ್ನು ನನ್ನ ಅಳಿಯ ಮೊನ್ನೆ ಬಿಗಿಗೊಳಿಸುತ್ತಿದ್ದ. ನನಗೆ ನೋಡಲಾಗಲಿಲ್ಲ, ಜಗಳವಾಡಿ ಕಸಿದುಕೊಂಡೆ.

ಆದ್ದರಿಂದ ಆ ಹೇಳಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿಜ ಇಷ್ಟು: ಮೂರು ದಿನ, ಅದೂ ಗಟ್ಟಿಮುಟ್ಟಾದ ಕಾಲಿಗೆ. ಕಡತ ತಿದ್ದಿ, ಮಂಗಳವಾರದ ವಿಮಾನ ಉಳಿಸಿ. ಸರ್ಕಾರಕ್ಕೆ ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯಿದ್ದರೆ ಪೊಲೀಸರನ್ನು ಕಳುಹಿಸಿ, ಬರುತ್ತೇನೆ. ಸುಳ್ಳು ಹೇಳಿದವಳು ನಾನು. ಶಿಕ್ಷೆ ನನಗೇ ಆಗಲಿ, ನನ್ನ ಮಗಳಿಗಲ್ಲ.

ಇಂತಿ,
ತಮ್ಮ ಕಡತದ ‘ಸ್ಥಳೀಯರು’,
ಜೌಕಲಾ ಬೂಢಾ
ಚಹಾದಂಗಡಿ, ಧುಲಿಚೌರ್